ಶಾಲೆ ಬಿಟ್ಟ ಕಾರಣ

ಶಾಲೆಯ ಕಬ್ಬಿಣದ ಕಪಾಟಿನಲ್ಲಿ ಒಂದು ಉದ್ದನೆಯ ಪುಸ್ತಕ ಇರುತ್ತದೆ. ಕಾಗದಪತ್ರದಲ್ಲಿ ಅದಕ್ಕೆ ದಾಖಲಾತಿ ವಹಿ ಎಂದು ಹೆಸರು, ನಮ್ಮ ಬಾಯಲ್ಲಿ ಅಡ್ಮಿಶನ್ ರಿಜಿಸ್ಟರ್. ಮಗುವಿನ ಹೆಸರು, ತಂದೆಯ ಹೆಸರು, ಜಾತಿ, ಕಸುಬು, ಹುಟ್ಟಿದ ದಿನ, ಸೇರಿದ ದಿನ, ಬಿಟ್ಟ ದಿನ ಎಂದು ಸಾಲಾಗಿ ಕಾಲಂಗಳು. ಕಟ್ಟಕಡೆಯ ಕಾಲಂ ‘ಶಾಲೆ ಬಿಟ್ಟ ಕಾರಣ’.

ಬಂಟ್ವಾಳ ತಾಲೂಕಿನ ಒಂದು ಪಾದ್ರಿ ಶಾಲೆಗೆ ನಾನು 1968ರಲ್ಲಿ ಒಂದನೇ ಕ್ಲಾಸಿಗೆ ಸೇರಿದೆ. ಶಿಕ್ಷಕ ತರಬೇತಿಯ ಟಿಸಿಎಚ್ ಮುಗಿಸಿ 1984ರಲ್ಲಿ ಅದೇ ಶಾಲೆಗೆ ಟೀಚರಾಗಿ ಬಂದೆ. 2022ರಲ್ಲಿ ಮುಖ್ಯ ಶಿಕ್ಷಕಿಯಾಗಿ ನಿವೃತ್ತಳಾದೆ. ಶಾಲೆಯ ಹೆಸರು ಇಲ್ಲಿ ಬೇಡ. ಕರಾವಳಿಯಲ್ಲಿ ಇಗರ್ಜಿ ಇದ್ದಲ್ಲೆಲ್ಲ ಅದರ ಮಗ್ಗುಲಿಗೆ ಹೆಂಚಿನ ಮಾಡಿನ ಒಂದು ಕನ್ನಡ ಶಾಲೆ ಕಾಣಸಿಗುತ್ತಿತ್ತು, ಮತ್ತು ಇವತ್ತು ಅವುಗಳ ಪಾಡು ಹೆಚ್ಚುಕಡಿಮೆ ಒಂದೇ.

ಕಳೆದ ತಿಂಗಳು ಶಾಲೆಯಿಂದ ಫೋನ್ ಬಂತು. ‘ಟೀಚರ್, ಹಳೇ ರಿಜಿಸ್ಟರಿನ ಅಕ್ಷರ ನಮಗೆ ಓದಲಿಕ್ಕೆ ಆಗ್ತಾ ಇಲ್ಲ, ಒಮ್ಮೆ ಬರ್ತೀರಾ?’ ಸೌದಿಯ ಜುಬೈಲಿನಲ್ಲಿ ದುಡಿದು ಊರಿಗೆ ಮರಳಿದ ಹಳೆ ವಿದ್ಯಾರ್ಥಿಯೊಬ್ಬರಿಗೆ ಹುಟ್ಟಿದ ದಿನದ ದಾಖಲೆ ಬೇಕಿತ್ತು. ಮಸಿ ಮಾಸಿದ ಮೋಡಿ ಅಕ್ಷರ ನನಗೆ ರೂಢಿ, ಹುಡುಕಿ ಕೊಟ್ಟೆ. ಚಾ ಕುಡಿಯುವಾಗ ಗೌರವ ಶಿಕ್ಷಕಿಯೊಬ್ಬಳು ಮೆಲ್ಲಗೆ ಹೇಳಿದಳು: ಇಗರ್ಜಿಯ ಮುಂದಿನ ಪಾಲನಾ ಮಂಡಳಿ ಸಭೆಯಲ್ಲಿ ಕನ್ನಡ ಮಾಧ್ಯಮ ಮುಚ್ಚುವ ವಿಷಯ ಉಂಟಂತೆ. ಒಂದನೇ ಕ್ಲಾಸಿಗೆ ಈ ವರ್ಷ ಬಂದವರು ಏಳು ಮಕ್ಕಳು. ಅದೇ ಕಂಪೌಂಡಿನ ಆಚೆ ಬದಿಯ ಇಂಗ್ಲಿಷ್ ಮಾಧ್ಯಮಕ್ಕೋ ಜಾಗ ಸಾಲುವುದಿಲ್ಲ.

ಆ ಸಭೆಯಲ್ಲಿ ಕೂರುವ ಹಕ್ಕು ನನಗಿಲ್ಲ. ನಾನು ಬಿಲ್ಲವರ ಮನೆಯವಳು, ಆ ಇಗರ್ಜಿಯ ಒಕ್ಕಲಲ್ಲ. ಅದಕ್ಕೇ ಹೇಳಬೇಕಾದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಫೋನ್ ಬಂದ ದಿನ ನನ್ನ ಹಾಳೆಯನ್ನೂ ತೆಗೆದು ನೋಡಿದೆ. ತಂದೆಯ ಕಸುಬು ‘ಮೂರ್ತೆ’ ಎಂದಿದೆ. ಅಪ್ಪ ತಾಳೆ ಮರ ಹತ್ತಿ ಶೇಂದಿ ಇಳಿಸುತ್ತಿದ್ದರು. ಬೀಡಿ ಕಟ್ಟುತ್ತಿದ್ದ ಅಮ್ಮನಿಗೆ ಆ ಪುಸ್ತಕದಲ್ಲಿ ಕಾಲಮ್ಮೇ ಇಲ್ಲ. ನನ್ನ ಮೇಲಿನ ಸಾಲಿನಲ್ಲಿ ಒಬ್ಬ ಕೊಂಕಣಿ ಹುಡುಗ, ತಂದೆ ಬಡಗಿ. ಕೆಳಗೆ ಒಬ್ಬಳು ಬ್ಯಾರಿ ಹುಡುಗಿ, ತಂದೆಯದು ಮೀನು ವ್ಯಾಪಾರ. ಅದರ ಕೆಳಗೆ ಸಾಲಾಗಿ ‘ಒಕ್ಕಲು’, ‘ಒಕ್ಕಲು’, ‘ಕೂಲಿ’. ಊರಿನಲ್ಲಿ ಈ ನಾಲ್ಕೈದು ಮನೆಯವರು ಒಂದೇ ಜಗಲಿಯಲ್ಲಿ ಕೂತದ್ದನ್ನು ನಾನು ಕಂಡಿಲ್ಲ. ಆ ಹಾಳೆಯಲ್ಲಿ ಒಬ್ಬರ ತಲೆ ಮೇಲೆ ಒಬ್ಬರ ಹೆಸರು ಕೂತಿತ್ತು, ಕ್ಲಾಸಿನ ಬೆಂಚಿನಲ್ಲಿ ಮೊಣಕೈಗೆ ಮೊಣಕೈ ತಾಗಿ ನಾವು ಕೂತಿದ್ದೆವು.

ಪಾದ್ರಿಗಳಿಗೆ ಶಾಲೆಯ ಉಸಾಬರಿ ಯಾಕೆ ಬೇಕಿತ್ತು? ಬರಿಯ ಪರೋಪಕಾರ ಎಂದರೆ ಅರ್ಧ ಸತ್ಯ. 1784ರಲ್ಲಿ ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಸೆರೆಗೆ ಹೋದ ಕರಾವಳಿಯ ಕೆಥೊಲಿಕರಲ್ಲಿ ಬದುಕಿ ಉಳಿದವರು ಮರಳಿದ್ದು 1799ರ ಮೇಲೆ. ಕೆಡವಿದ ಇಗರ್ಜಿಗಳನ್ನು ಮತ್ತೆ ಕಟ್ಟಿಕೊಂಡು ಅವರು ಉಸಿರು ಬಿಡುವಷ್ಟರಲ್ಲಿ, 1834ರಲ್ಲಿ, ಪ್ರೊಟೆಸ್ಟೆಂಟರ ಬಾಸೆಲ್ ಮಿಷನ್ ಮಂಗಳೂರಿಗೆ ಬಂತು. ಶಾಲೆ ತೆರೆಯಿತು, ಅಚ್ಚುಕೂಟ ಹಾಕಿತು, 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿತು. ತಮ್ಮ ಮಕ್ಕಳು ಅನ್ಯರ ಶಾಲೆಗೆ ಹೋಗಿ ಅನ್ಯರಾದಾರು ಎಂಬ ಅಂಜಿಕೆ ಕೆಥೊಲಿಕ್ ಹಿರಿಯರಿಗೆ ಹುಟ್ಟಿದ್ದು ಸಹಜ. ಅಪೊಸ್ತಲಿಕ್ ಕಾರ್ಮೆಲ್ ಸಿಸ್ಟರುಗಳು 1870ರಲ್ಲಿ ಬಂದು ಹೆಣ್ಣುಮಕ್ಕಳ ಓದಿಗೆ ಕೈಹಾಕಿದರು. 1878ರ ಡಿಸೆಂಬರ್ 31ರಂದು ಜೆಸ್ವಿತ್ ಪಾದ್ರಿಗಳು ಬಂದಿಳಿದರು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಎದ್ದಿತು. ಶಾಲೆಗೆ ದುಡ್ಡಿನ ದಾರಿಯೂ ಇತ್ತು: ಅನುದಾನ ಕೊಟ್ಟು ಖಾಸಗಿ ಶಾಲೆಗಳನ್ನು ನಡೆಸುವ ನೀತಿಯನ್ನು ಬ್ರಿಟಿಷರು 1854ರ ವುಡ್ ವರದಿಯಲ್ಲೇ ಒಪ್ಪಿದ್ದರು.

ಪೈಪೋಟಿ ಇದ್ದರೂ ಕೊಡುಕೊಳ್ಳುವಿಕೆ ನಿಂತಿರಲಿಲ್ಲ. ಜೆಸ್ವಿತ್ ಪಾದ್ರಿ ಮಾಫೆಯಿ ಅವರ ಇಂಗ್ಲಿಷ್-ಕೊಂಕಣಿ ನಿಘಂಟು 1883ರಲ್ಲಿ ಅಚ್ಚಾದದ್ದು ಅದೇ ಬಾಸೆಲ್ ಮಿಷನ್ನಿನವರ ಅಚ್ಚುಕೂಟದಲ್ಲಿ. ಈ ಸಂಗತಿಯನ್ನು ನಾನು ಮಕ್ಕಳಿಗೆ ಹೇಳದೆ ಬಿಟ್ಟ ವರ್ಷವಿಲ್ಲ.

ಪೇಟೆಯ ಕಾಲೇಜುಗಳ ಚರಿತ್ರೆ ಬರೆದವರಿದ್ದಾರೆ. ಹಳ್ಳಿಯ ಇಗರ್ಜಿ ಶಾಲೆ ಹುಟ್ಟಿದ ಬಗೆ ಅದಕ್ಕಿಂತ ಸಣ್ಣದು, ನನಗೆ ಹೆಚ್ಚು ಪ್ರೀತಿಯದು. ಭಾನುವಾರ ಮಕ್ಕಳಿಗೆ ದೊತೊರ್ನ್, ಎಂದರೆ ಧರ್ಮೋಪದೇಶ, ಕಲಿಸಬೇಕು. ಪ್ರಾರ್ಥನೆ ಪುಸ್ತಕ ಓದಲು ಅಕ್ಷರ ಬೇಕು. ಗೋವೆಯವರಂತೆ ನಮ್ಮ ಕೆಥೊಲಿಕರು ಕೊಂಕಣಿಯನ್ನು ರೋಮನ್ ಲಿಪಿಯಲ್ಲಿ ಬರೆಯಲಿಲ್ಲ, ಕನ್ನಡ ಲಿಪಿಯಲ್ಲಿ ಬರೆದರು. ಹಾಗಾಗಿ ದೇವರ ಮಾತು ಓದಬೇಕಾದರೂ ಮೊದಲು ಅ ಆ ಇ ಈ ತಿದ್ದಬೇಕು. ಇಗರ್ಜಿಯ ಜಗಲಿಯಲ್ಲಿ ಅಕ್ಷರ ತಿದ್ದುವ ಸದ್ದು ಕೇಳಿದರೆ ಆಚೆ ಮನೆಯ ಮಗು ಬೇಲಿ ಹಾರಿ ಬರುವುದಿಲ್ಲವೇ? ಬಂದ ಮಗುವನ್ನು ಪಾದ್ರಿ ಓಡಿಸಲಿಲ್ಲ. ಮಕ್ಕಳು ಹೆಚ್ಚಿದರೆ ಅನುದಾನ ಗಟ್ಟಿಯಾಗುತ್ತದೆ ಎಂಬ ಲೆಕ್ಕವೂ ಅವರ ತಲೆಯಲ್ಲಿ ಇದ್ದಿರಬಹುದು, ಇದ್ದರೆ ಇರಲಿ.

ಇದೇ ಕಾಲದಲ್ಲಿ ಬೇರೆಡೆ ಏನಾಯಿತು ಎಂಬುದನ್ನೂ ನೋಡಬೇಕು. 1884ರಲ್ಲಿ ಅಮೆರಿಕದ ಬಿಷಪರು ಬಾಲ್ಟಿಮೋರಿನಲ್ಲಿ ಸೇರಿ ಪ್ರತಿ ಇಗರ್ಜಿಯ ಹತ್ತಿರ ಎರಡು ವರ್ಷದೊಳಗೆ ಒಂದು ಶಾಲೆ ಕಟ್ಟಬೇಕೆಂದು ಕಟ್ಟಳೆ ಮಾಡಿದರು. ಅಲ್ಲಿಯ ಸರ್ಕಾರಿ ಶಾಲೆಗಳಲ್ಲಿ ಪ್ರೊಟೆಸ್ಟೆಂಟರ ಗಾಳಿ ಬಲವಾಗಿತ್ತು, ತಮ್ಮ ಮಕ್ಕಳನ್ನು ಅದರಿಂದ ಕಾಪಾಡುವುದು ಅವರ ಉದ್ದೇಶ. ಅದು ಬೇಲಿ ಕಟ್ಟುವ ಶಾಲೆ. ನಮ್ಮ ಕರಾವಳಿಯದೂ ಹಾಗೇ ಶುರುವಾಯಿತು, ಆದರೆ ಬೇಲಿ ನಿಲ್ಲಲಿಲ್ಲ. ನನ್ನ 38 ವರ್ಷದಲ್ಲಿ ಕೆಥೊಲಿಕ್ ಮಕ್ಕಳು ಕ್ಲಾಸಿನ ಅರ್ಧ ದಾಟಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ.

ಒಳಗೆ ಏನು ನಡೆಯುತ್ತಿತ್ತು ಎಂದು ಕೇಳುವವರು ಈಗ ಬಹಳ. ಹೇಳುತ್ತೇನೆ. ವಾರಕ್ಕೆ ಕೆಲವು ಪಿರಿಯಡ್ ಕ್ರೈಸ್ತ ಮಕ್ಕಳು ಧರ್ಮೋಪದೇಶಕ್ಕೆ ಒಂದು ಕೋಣೆಗೆ ಹೋಗುತ್ತಿದ್ದರು, ನಾವು ಉಳಿದವರು ನೀತಿಪಾಠಕ್ಕೆ ಇನ್ನೊಂದಕ್ಕೆ. ಅನುದಾನಿತ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಧಾರ್ಮಿಕ ಪಾಠಕ್ಕೆ ಕೂರಿಸಬಾರದು ಎಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ನಮ್ಮ ಸಿಸ್ಟರಿಗೆ ವಿಧಿಯ ನಂಬರು ಗೊತ್ತಿತ್ತೋ ಇಲ್ಲವೋ, ನಡೆದದ್ದು ಅದೇ. ವಿದ್ಯಾರ್ಥಿನಿಯಾಗಿಯೂ ಟೀಚರಾಗಿಯೂ ‘ನೀನು ನಮ್ಮ ಧರ್ಮಕ್ಕೆ ಬಾ’ ಎಂದು ನನಗೆ ಯಾರೂ ಹೇಳಲಿಲ್ಲ. ನಾನು ಕುಂಕುಮ ಇಟ್ಟುಕೊಂಡೇ ಮುಖ್ಯ ಶಿಕ್ಷಕಿಯ ಕುರ್ಚಿಯಲ್ಲಿ ಕೂತೆ, ಶಾಲಾ ಸಂಚಾಲಕರಾದ ಫಾದರ್ ಎದುರಿನ ಕುರ್ಚಿಯಲ್ಲಿ ಕೂತು ಸಂಬಳದ ಬಿಲ್ಲಿಗೆ ಸಹಿ ಹಾಕಿದರು.

ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳು ಹೂವು ತಂದು ಮರಿಯಮ್ಮನಿಗೆ ಅರ್ಪಿಸುತ್ತಾರೆ. ನಾವೂ ಗೌರಿ ಹೂವು, ಗೋರಟೆ ಕಿತ್ತು ಕ್ರೈಸ್ತ ಗೆಳತಿಯರ ಬುಟ್ಟಿ ತುಂಬಿಸುತ್ತಿದ್ದೆವು. ಆಸೆ ಎಲ್ಲ ಹಬ್ಬದ ದಿನ ಹಂಚುವ ಕಬ್ಬಿನ ಮೇಲೆ. ಪಾದ್ರಿಗಳು ಮಂತ್ರಿಸಿದ ಹೊಸ ತೆನೆಯನ್ನು ಗೆಳತಿಯೊಬ್ಬಳು ಕೊಟ್ಟಾಗ ಅಮ್ಮ ಅದನ್ನು ಎಸೆಯಲಿಲ್ಲ. ನಮ್ಮ ಹೊಸ ಅಕ್ಕಿ ಹಬ್ಬ ಪುದ್ವಾರಿನ ತೆನೆಯ ಜೊತೆಗೇ ಬಾಗಿಲ ಮೇಲೆ ಕಟ್ಟಿದಳು. ಇದಕ್ಕೆ ಸೌಹಾರ್ದ ಎಂಬ ದೊಡ್ಡ ಹೆಸರು ಆಗ ಇರಲಿಲ್ಲ. ಭತ್ತ ಭತ್ತವೇ ಎಂದು ಅಮ್ಮ ಅಂದದ್ದು ನೆನಪಿದೆ.

ಮಧ್ಯಾಹ್ನ ಅಮೆರಿಕದಿಂದ ಬಂದ ಗೋಧಿ ನುಚ್ಚಿನ ಸಜ್ಜಿಗೆ, ಕೆಲವೊಮ್ಮೆ ಹಾಲಿನ ಪುಡಿ ಕದಡಿದ ಹಾಲು. ಅಕ್ಷರ ದಾಸೋಹದ ಬಿಸಿಯೂಟ ಬರುವುದಕ್ಕೆ ಇನ್ನೂ ಮೂವತ್ತು ವರ್ಷಕ್ಕೂ ಹೆಚ್ಚು ಇತ್ತು. ನಮ್ಮಲ್ಲಿ ಕೆಲವರು ಶಾಲೆಗೆ ಬಂದದ್ದು ಅಕ್ಷರಕ್ಕಲ್ಲ, ಸಜ್ಜಿಗೆಗೆ. ಅಕ್ಷರ ಅದರ ಜೊತೆಗೆ ಬಂತು.

ಎಲ್ಲಕ್ಕಿಂತ ಮುಖ್ಯವಾದ ಮಾತು ಭಾಷೆಯದು. ನನ್ನ ಮನೆಮಾತು ತುಳು. ಪಕ್ಕದವಳದು ಬ್ಯಾರಿ. ಮುಂದಿನ ಬೆಂಚಿನವನದು ಕೊಂಕಣಿ. ಕನ್ನಡ ನಮ್ಮಲ್ಲಿ ಯಾರ ಮನೆಯ ಮಾತೂ ಅಲ್ಲ. ಹಾಗಾಗಿ ಕ್ಲಾಸಿನಲ್ಲಿ ಯಾರೂ ಯಾರಿಗಿಂತ ಮುಂದಿರಲಿಲ್ಲ, ಎಲ್ಲರೂ ಒಟ್ಟಿಗೇ ತಪ್ಪು ಮಾಡಿ ಒಟ್ಟಿಗೇ ಕಲಿತೆವು. ಕರಾವಳಿಗೆ ಪುಸ್ತಕದ ಕನ್ನಡದ ಅಭ್ಯಾಸ ಹಿಡಿಸಿದ್ದರಲ್ಲಿ ಕೊಂಕಣಿ ಮಾತಾಡುವ ಪಾದ್ರಿ, ಸಿಸ್ಟರುಗಳ ಪಾಲು ಸಣ್ಣದಲ್ಲ. ನವೆಂಬರಿನಲ್ಲಿ ನಾವು ಹಂಚುವ ಸನ್ಮಾನ ಪತ್ರಗಳಲ್ಲಿ ಅವರ ಪಾಲನ್ನು ನೆನೆದದ್ದು ಕಡಿಮೆ.

ಎಲ್ಲ ಚೆನ್ನಾಗಿತ್ತು ಎನ್ನುವವಳಲ್ಲ ನಾನು. ನಾಗರ ಬೆತ್ತದ ಬರೆ ನಮ್ಮ ಕಾಲಿನ ಮೇಲಿತ್ತು. ಕ್ಲಾಸಿನಲ್ಲಿ ತುಳು ಮಾತಾಡಿದರೆ ಐದು ಪೈಸೆ ದಂಡ. ಐದು ಪೈಸೆ ಕೊಡಲಾರದೆ ದಿನವಿಡೀ ಬಾಯಿ ಮುಚ್ಚಿ ಕೂತ ಮಕ್ಕಳನ್ನು ನಾನು ಬಲ್ಲೆ, ಅವರಲ್ಲಿ ನಾನೂ ಒಬ್ಬಳು. ಟೀಚರಾದ ಮೇಲೆ ಹತ್ತು ವರ್ಷ ನಾನೂ ಅದೇ ದಂಡ ಹಾಕಿದೆ. ಒಂದು ಮಗು ಹೊಟ್ಟೆನೋವನ್ನು ಕನ್ನಡದಲ್ಲಿ ಹೇಳಲು ಬಾರದೆ ಮಧ್ಯಾಹ್ನದವರೆಗೂ ತಡೆದುಕೊಂಡು ಅತ್ತದ್ದನ್ನು ಕಂಡ ದಿನ ಬಿಟ್ಟೆ.

ರಿಜಿಸ್ಟರಿಗೆ ಮರಳುತ್ತೇನೆ. 1974ರ ಭೂಸುಧಾರಣೆ ಕಾಯ್ದೆ ತಿದ್ದುಪಡಿಯ ನಂತರದ ಹಾಳೆಗಳಲ್ಲಿ ‘ಒಕ್ಕಲು’ ಎಂಬ ಶಬ್ದ ತೆಳುವಾಗುತ್ತ ‘ಕೃಷಿ’ ಎಂಬ ಶಬ್ದ ಬರುತ್ತದೆ. ಇಗರ್ಜಿಯ ಗದ್ದೆಗೂ ಒಕ್ಕಲುಗಳಿದ್ದರು, ಅವರೂ ಒಕ್ಕಲು ಹಕ್ಕಿನ ಡಿಕ್ಲರೇಶನ್ ಹಾಕಿ ಗದ್ದೆಯ ಒಡೆಯರಾದರು. ಗದ್ದೆ ಕಳಕೊಂಡ ಇಗರ್ಜಿ, ಪಡಕೊಂಡವನ ಮಗನನ್ನು ಅದೇ ವರ್ಷ ಶಾಲೆಗೆ ಸೇರಿಸಿಕೊಂಡಿತು. ಹಾಳೆ ಸಾಕ್ಷಿ ಇದೆ.

ಕೊನೆಯ ಕಾಲಮ್ಮಿನದು ಬೇರೆಯೇ ಕಥೆ. ಎಪ್ಪತ್ತರ ದಶಕದವರೆಗೆ ಗಂಡುಮಕ್ಕಳ ಮುಂದೆ ‘ಬೊಂಬಾಯಿಗೆ ಹೋದುದು’. ಎಂದರೆ ಹೋಟೆಲಿನಲ್ಲಿ ಲೋಟ ತೊಳೆಯಲಿಕ್ಕೆ. ಹೆಣ್ಣುಮಕ್ಕಳ ಮುಂದೆ ‘ಮನೆಕೆಲಸ’. ಎಂದರೆ ಬೀಡಿ. ತೊಂಬತ್ತರ ದಶಕದಲ್ಲಿ ಈ ಎರಡೂ ಕಾರಣ ಹೆಚ್ಚುಕಡಿಮೆ ನಿಂತುಹೋದವು, ಏಳನೇ ಕ್ಲಾಸು ಮುಗಿಸಿಯೇ ಹೊರಡುವವರು ಸಾಲುಗಟ್ಟಿದರು. ನಾವು ಗೆದ್ದೆವು ಎಂದುಕೊಂಡೆ. ಅಷ್ಟರಲ್ಲಿ ಹೊಸ ಕಾರಣ ಶುರುವಾಯಿತು: ‘ಪೋಷಕರ ಕೋರಿಕೆ’. ಎರಡನೇ ಕ್ಲಾಸಿನಲ್ಲಿ, ಮೂರನೇ ಕ್ಲಾಸಿನಲ್ಲಿ, ಪುಟ ಪುಟವೆಲ್ಲ ಅದೇ. ಹಳದಿ ವ್ಯಾನು ಬಂದು ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಕರೆದೊಯ್ಯುತ್ತಿತ್ತು.

1996ರ ಹಾಳೆಯಲ್ಲಿ ಹಾಗೆ ಬರೆದ ಒಂದು ಹೆಸರು ನನ್ನ ಮಗನದು. ಎರಡನೇ ಕ್ಲಾಸಿನಿಂದ ಬಿಡಿಸಿ ಬಿ.ಸಿ.ರೋಡಿನ ಕಡೆಯ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದೆ. ಕಾರಣದ ಕಾಲಂ ನಾನೇ ನನ್ನ ಕೈಯಾರೆ ತುಂಬಿದೆ. ಆಗಿನ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಏನೂ ಅನ್ನಲಿಲ್ಲ, ಟಿಸಿಗೆ ಸೀಲು ಒತ್ತಿ ಕೊಟ್ಟರು. ಇವತ್ತು ಪಾಲನಾ ಮಂಡಳಿಯವರಿಗೆ ಬುದ್ಧಿ ಹೇಳುವ ಮೊದಲು ಇದನ್ನು ಒಪ್ಪಿಕೊಳ್ಳದಿದ್ದರೆ ಈ ಬರಹ ಸುಳ್ಳಾಗುತ್ತದೆ. ಇಂಗ್ಲಿಷ್ ಬೇಕೆಂಬ ತಾಯಿಯ ಆಸೆಯನ್ನು ನಾನು ಹಗುರವಾಗಿ ನೋಡಲಾರೆ.

ಕಾನೂನೂ ಆ ತಾಯಿಯ ಪರವಾಗಿಯೇ ನಿಂತಿತು. ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಇಲ್ಲವೇ ಕನ್ನಡವೇ ಮಾಧ್ಯಮವಾಗಬೇಕೆಂಬ ಕರ್ನಾಟಕ ಸರ್ಕಾರದ 1994ರ ಆದೇಶ 2014ರ ಮೇ 6ರಂದು ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಮಾಧ್ಯಮದ ಆಯ್ಕೆ ಪೋಷಕರದು ಎಂದು ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಅದೇ ದಿನ ಅದೇ ಪೀಠ ಇನ್ನೊಂದು ತೀರ್ಪು ಕೊಟ್ಟಿತು: 30ನೇ ವಿಧಿಯ ರಕ್ಷಣೆ ಇರುವ ಅಲ್ಪಸಂಖ್ಯಾತರ ಶಾಲೆಗಳಿಗೆ 2009ರ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸದು. ಒಂದೇ ದಿನ ಇಗರ್ಜಿ ಶಾಲೆಗಳಿಗೆ ಎರಡು ಬಿಡುಗಡೆ ಸಿಕ್ಕಿತು. ಕನ್ನಡದಲ್ಲೇ ಕಲಿಸಬೇಕೆಂಬ ಕಟ್ಟು ಇಲ್ಲ, ಬಡವರಿಗೆ ಶೇ 25 ಸೀಟು ಇಡಬೇಕೆಂಬ ಕಟ್ಟೂ ಇಲ್ಲ. ಈ ಎರಡನ್ನೂ ಯಾರೂ ಹೇಳದೆ ನೂರು ವರ್ಷ ಮಾಡಿಕೊಂಡು ಬಂದವರು ಅದೇ ಪಾದ್ರಿಗಳು. ಕಟ್ಟು ಕಳಚಿದ ಮೇಲೂ ಮಾಡುತ್ತಾರೋ ಎಂಬುದು ಈಗಿನ ಪ್ರಶ್ನೆ.

ಇಗರ್ಜಿಯವರನ್ನು ಮಾತ್ರ ದೂರುವುದೂ ನ್ಯಾಯವಲ್ಲ. ನಾನು ನಿವೃತ್ತಳಾದಾಗ ತೆರವಾದ ಹುದ್ದೆ ಇನ್ನೂ ತೆರವಾಗಿಯೇ ಇದೆ. ಏಳು ತರಗತಿಗಳಿಗೆ ಸರ್ಕಾರದ ಸಂಬಳದ ಶಿಕ್ಷಕರು ಇಬ್ಬರು, ಉಳಿದವರು ಗೌರವ ಶಿಕ್ಷಕಿಯರು. ಅವರ ಗೌರವಧನ ಇಗರ್ಜಿಯಿಂದ, ಶಿಕ್ಷಕ-ರಕ್ಷಕ ಸಂಘದಿಂದ, ಕೆಲವು ತಿಂಗಳು ಫಾದರ್ ಅವರ ಸ್ವಂತ ಕಿಸೆಯಿಂದ. ನಿವೃತ್ತರ ಜಾಗ ತುಂಬಲು ಸರ್ಕಾರ ವರ್ಷಗಟ್ಟಲೆ ಅನುಮತಿ ಕೊಡುವುದಿಲ್ಲ. ಶಿಕ್ಷಕರಿಲ್ಲ ಎಂದು ಮಕ್ಕಳು ಬರುವುದಿಲ್ಲ, ಮಕ್ಕಳಿಲ್ಲ ಎಂದು ಹುದ್ದೆ ಸಿಗುವುದಿಲ್ಲ. ಕನ್ನಡ ಉಳಿಸಿ ಎಂದು ವೇದಿಕೆಯಲ್ಲಿ ಕೂಗುವ ಸರ್ಕಾರ ಕನ್ನಡ ಶಾಲೆಯ ಕತ್ತನ್ನು ಹೀಗೆ ಸದ್ದಿಲ್ಲದೆ ಹಿಸುಕುತ್ತಿದೆ.

ಆದರೂ ನನ್ನ ಮುಖ್ಯ ಮಾತು ಪಾಲನಾ ಮಂಡಳಿಗೇ. ಏಳೇ ಮಕ್ಕಳು ಎನ್ನುತ್ತೀರಿ. ಆ ಏಳು ಮಕ್ಕಳು ಯಾರೆಂದು ರಿಜಿಸ್ಟರಿನಲ್ಲಿ ನೋಡಿದೆ. ನಾಲ್ವರ ಊರು ಬಾಗಲಕೋಟೆ, ಗದಗದ ಕಡೆ, ತಂದೆಯ ಕಸುಬು ‘ಕೆಂಪುಕಲ್ಲಿನ ಕೋರೆ’, ‘ಕಟ್ಟಡ ಕೆಲಸ’. ಇನ್ನೊಬ್ಬನ ತಂದೆ ಜಾರ್ಖಂಡಿನಿಂದ ಅಡಿಕೆ ತೋಟಕ್ಕೆ ಬಂದವನು. ಉಳಿದಿಬ್ಬರು ಊರಿನ ಕೂಲಿಯವರ ಮಕ್ಕಳು. 1968ರ ನನ್ನ ಹಾಳೆ ಮತ್ತು ಈ ವರ್ಷದ ಹಾಳೆಯನ್ನು ಅಕ್ಕಪಕ್ಕ ಇಟ್ಟರೆ ಹೆಸರು ಬೇರೆ, ಜಿಲ್ಲೆ ಬೇರೆ, ಕಸುಬಿನ ಕಾಲಂ ಒಂದೇ. ಇಗರ್ಜಿಯ ಪಕ್ಕದ ಮನೆಗೆ ಹೊಸ ಬಡವ ಬಂದಿದ್ದಾನೆ. ಅವನಿಗೆ ನಿಮ್ಮ ಸಭೆಯಲ್ಲಿ ಓಟಿಲ್ಲ, ಇಂಗ್ಲಿಷ್ ಮಾಧ್ಯಮದ ಫೀಸು ಕಟ್ಟುವ ತಾಕತ್ತಿಲ್ಲ, ಮೂರು ಕಿಲೋಮೀಟರ್ ದೂರದ ಸರ್ಕಾರಿ ಶಾಲೆಗೆ ಮಗುವನ್ನು ಬಿಟ್ಟು ಬರಲು ಪುರುಸೊತ್ತೂ ಇಲ್ಲ. ಕೆಥೊಲಿಕರಲ್ಲದ ಮಕ್ಕಳೂ ಓದುವ ಶಾಲೆಗಳು ತನಗೆ ವಿಶೇಷ ಪ್ರಿಯವೆಂದೂ, ಬಡವರ ಅಗತ್ಯ ಮರೆಯಬಾರದೆಂದೂ ನಿಮ್ಮದೇ ಎರಡನೇ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಶಿಕ್ಷಣದ ಬಗ್ಗೆ ಹೊರಡಿಸಿದ ಘೋಷಣೆಯಲ್ಲಿ ಹೇಳಿದೆ. ಇದನ್ನು ನನಗೆ ಮೊದಲು ಓದಿ ಹೇಳಿದವರು ನಿಮ್ಮ ಇಗರ್ಜಿಯ ವಿಗಾರರೇ.

ಇಂಗ್ಲಿಷ್ ಮಾಧ್ಯಮ ಬೇಡ ಎನ್ನಲು ನನಗೆ ಬಾಯಿಲ್ಲ. ಅದು ನಡೆಯಲಿ. ಒಂದೇ ಕಂಪೌಂಡಿಗೆ ಎರಡು ಗೇಟು, ಎರಡು ಯುನಿಫಾರ್ಮು, ಎರಡು ವಾರ್ಷಿಕೋತ್ಸವ ಮಾತ್ರ ಬೇಡ. ಆಚೆ ಬದಿಯ ಇಂಗ್ಲಿಷ್ ಟೀಚರ್ ವಾರಕ್ಕೆ ನಾಲ್ಕು ಪಿರಿಯಡ್ ಈಚೆ ಬರಲಿ, ಈಚೆಯ ಕನ್ನಡ ಟೀಚರ್ ಆಚೆ ಹೋಗಲಿ. ಆಚೆ ಬದಿಯ ಫೀಸಿನಲ್ಲಿ ತಲೆಗೆ ಇಷ್ಟೆಂದು ತೆಗೆದಿಟ್ಟರೆ ಇಬ್ಬರು ಗೌರವ ಶಿಕ್ಷಕಿಯರ ಗೌರವಧನಕ್ಕೆ ಯಾರೂ ಕಿಸೆಗೆ ಕೈಹಾಕಬೇಕಿಲ್ಲ. ಹಳೆ ವಿದ್ಯಾರ್ಥಿ ಸಂಘದ ನಾವು ಶತಮಾನೋತ್ಸವದ ಕಮಾನಿಗೆ ದುಡ್ಡು ಕೊಟ್ಟವರು. ಕಮಾನಿನ ಬಣ್ಣ ಹೋಗಿ ಎಷ್ಟೋ ವರ್ಷವಾಯಿತು. ಒಬ್ಬ ಟೀಚರಿನ ಒಂದು ವರ್ಷದ ಗೌರವಧನ ನನ್ನ ಪಿಂಚಣಿಯಿಂದ ಕೊಡುತ್ತೇನೆ, ಇದು ಬರಹದಲ್ಲಿ ಇರಲಿ.

ಮುಚ್ಚಲೇಬೇಕೆಂದು ತೀರ್ಮಾನವಾದರೆ ಅದನ್ನು ಮಾಡುವ ಹಕ್ಕು ನಿಮಗಿದೆ. ನನ್ನದು ಒಂದೇ ಕೋರಿಕೆ. ಆ ದಿನ ಸಭೆಗೆ ಕಬ್ಬಿಣದ ಕಪಾಟಿನ ರಿಜಿಸ್ಟರ್ ತರಿಸಿ. ಯಾವುದಾದರೂ ಒಂದು ಹಾಳೆ ತೆರೆದು ಹೆಸರು, ತಂದೆಯ ಕಸುಬು, ಶಾಲೆ ಬಿಟ್ಟ ಕಾರಣ, ಈ ಮೂರು ಕಾಲಂ ಗಟ್ಟಿಯಾಗಿ ಓದಿ. ಹಳೆಯ ಅಕ್ಷರ ಓದಲು ಬಾರದಿದ್ದರೆ ನನಗೆ ಫೋನ್ ಮಾಡಿ, ಬಂದು ಓದಿ ಹೊರಗೆ ಹೋಗುತ್ತೇನೆ. ಆಮೇಲೆ ಕೈ ಎತ್ತಿ.